ಕೇಸರಿ ನೀರಿನ ಡ್ರಮ್ಮು

ಆಟೋ ನಗರದ ಮುಗ್ಧಾ ಪ್ಲೇಟಿಂಗ್ ವರ್ಕ್ಸ್‌ನಲ್ಲಿ ವಿಷ ಎಂಬುದೇ ಇರಲಿಲ್ಲ. ಇದ್ದದ್ದು ‘ಮಾಲು’. ತೊಟ್ಟಿಯಲ್ಲಿದ್ದಾಗ ಮಾಲು, ಕೆಲಸ ಮುಗಿದ ಮೇಲೆ ಹಳೇ ಮಾಲು, ಡ್ರಮ್ಮಿಗೆ ತುಂಬಿ ಹಿತ್ತಿಲ ಗೋಡೆಗೆ ಒರಗಿಸಿಟ್ಟರೆ ಹಿಂದಿನ ಮಾಲು. ಮೋಟಾರ್‌ಸೈಕಲ್ಲಿನ ಬಿಡಿಭಾಗಗಳಿಗೆ ಕ್ರೋಮಿನ ಹೊಳಪು ಕೊಡುವ ಆ ಕಾರ್ಖಾನೆಯಲ್ಲಿ ಕೆಲಸಗಾರರ ಮೂಗಿನೊಳಗೆ ಹುಣ್ಣಾದರೆ ಅದು ‘ಸೀಜನ್ನು’, ಅಂಗೈ ಚರ್ಮ ಸುಲಿದರೆ ‘ಹೀಟು’. ಭಾಷೆ ಇಷ್ಟೊಂದು ಸಭ್ಯವಾಗಿದ್ದ ಜಾಗಕ್ಕೆ ಒಬ್ಬ ಸೇಫ್ಟಿ ಆಫೀಸರ್ ಬೇಕಾದದ್ದು, ತಪಾಸಣೆಯವರು ಬರುತ್ತಾರೆ ಎಂಬ ಸುದ್ದಿ ಬಂದ ಮೇಲೆ.

ಆ ಆಫೀಸರೇ ಖಾಸಬಾಗದ ಗುರುಪುತ್ರಪ್ಪನವರು. ಅಲ್ಲಿಯವರೆಗೆ ಅವರು ಸ್ಟೋರಿನಲ್ಲಿ ನಟ್ಟು ಬೋಲ್ಟು ತೂಗಿಕೊಡುತ್ತಿದ್ದರು. ಮಾಲೀಕ ಅಜಿಂಕ್ಯ ಸೇಠ ಒಂದು ಮುಂಜಾನೆ ಅವರನ್ನು ಕ್ಯಾಬಿನ್ನಿಗೆ ಕರೆದು ತಲೆಯ ಮೇಲೆ ಹಳದಿ ಹೆಲ್ಮೆಟ್ ಇಟ್ಟ. ಪಗಾರ ಹೆಚ್ಚಲಿಲ್ಲ, ಎತ್ತರ ಹೆಚ್ಚಿತು. ತರಬೇತಿಯೂ ಆಯಿತು. ಪುಣೆಯಿಂದ ಬಂದ ಸಾಹೇಬನೊಬ್ಬ ಗೋಡೆಯ ಮೇಲೆ ಚಿತ್ರ ಬಿಟ್ಟು ಇಡೀ ಮಧ್ಯಾಹ್ನ ಇಂಗ್ಲಿಷಿನಲ್ಲಿ ಮಾತಾಡಿದ. ಗುರುಪುತ್ರಪ್ಪನವರಿಗೆ ಅದರಲ್ಲಿ ದಕ್ಕಿದ್ದು ಕೊನೆಗೆ ಕೊಟ್ಟ ಉಪ್ಪಿಟ್ಟು ಮಾತ್ರ. ಆದರೂ ಮರುದಿನದಿಂದ ಅವರು ಮನೆಗೂ ಹೆಲ್ಮೆಟ್ ಹಾಕಿಕೊಂಡೇ ಹೋದರು. ಓಣಿಯವರು ನಕ್ಕರೆ, “ಸೇಫ್ಟಿ ಅಂದ್ರ ಇಪ್ಪತ್ನಾಕು ತಾಸಿಂದು” ಎಂದು ಗಂಭೀರವಾಗಿ ಮುಂದೆ ಸಾಗಿದರು.

ತೊಡಕಾದದ್ದು ಹಿತ್ತಿಲ ಗೋಡೆಯ ಡ್ರಮ್ಮುಗಳು. ಅಂಥ ಮಾಲನ್ನು ಸರಿಯಾಗಿ ವಿಲೇವಾರಿ ಮಾಡುವವರಿದ್ದಾರೆ, ಕಳಿಸಬೇಕೆಂದರೆ ಖರ್ಚು. ಸೇಠನಿಗೆ ಅದೇ ಹೊತ್ತಿಗೆ ಹಿಂದವಾಡಿಯ ಮನೆಗೆ ಲಿಫ್ಟು ಹಾಕಿಸುವುದಿತ್ತು. ಹೀಗಾಗಿ ಒಳಗಿದ್ದ ಮಾಲು ಒಂದು ಜೋರು ಮಳೆಯಲ್ಲಿ ನಾಲಾದ ಪಾಲಾಯಿತು. ಖಾಲಿ ಡ್ರಮ್ಮುಗಳು ಉಳಿದವು.

“ತಪಾಸಣಿ ಮೇಡಮ್ ಬಂದಾಗ ಇಲ್ಲಿ ಒಂದೂ ಕಾಣಬಾರದು, ಗುರುಪುತ್ರಪ್ಪ,” ಎಂದ ಸೇಠ. “ಖಂಡೆ ಪೂಜಿಗೆ ಮಂದಿಗೆ ಏನರ ಕೊಡಬೇಕಲ್ಲ, ಇವನ್ನ ಕೊಟ್ಟುಬಿಡು. ನೀರು ತುಂಬಾಕ ಮಸ್ತ್ ಆಗ್ತಾವ.”

“ತೊಳೀಬೇಕಲ್ರೀ ಸೇಠ?”

“ತೊಳಿ. ಸೇಫ್ಟಿ ಆಫೀಸರ್ ನೀನೋ ನಾನೋ?”

ಗುರುಪುತ್ರಪ್ಪನವರು ತೊಳೆಸಿದರು. ಅವರ ಹೆಂಡತಿ ರೇಣವ್ವ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಹಿತ್ತಾಳೆಯ ಕಿಲುಬು ಬಿಡಿಸುವ ಹುಣಸೆಹಣ್ಣು ಜಗತ್ತಿನ ಯಾವ ಕಿಲುಬನ್ನೂ ಬಿಡಿಸುತ್ತದೆ ಎಂಬುದು ಅವರ ರಸಾಯನಶಾಸ್ತ್ರ. ಬುಟ್ಟಿಗಟ್ಟಲೆ ಹುಣಸೆಹಣ್ಣು ಬಂತು. ತಲೆಬುರುಡೆಯ ಚೀಟಿಗಳನ್ನು ಕೆರೆದು, ಹೊರಗೆ ನೀಲಿ ಬಣ್ಣ ಬಳಿದು, ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕುಂಕುಮ ಹಚ್ಚಿ ಕೆಲಸಗಾರರಿಗೆ ಒಂದೊಂದು ಹಂಚಿದ್ದಾಯಿತು. ನಳಕ್ಕೆ ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲದ ಓಣಿಗಳ ಮಂದಿ. ಬೇಡ ಅನ್ನುವವರು ಯಾರು?

“ನಮ್ಮ ಕಂಪನ್ಯಾಗ ವೇಸ್ಟ್ ಅನ್ನೂದ ಇಲ್ಲ,” ಎಂದು ಗುರುಪುತ್ರಪ್ಪನವರು ಭಾಷಣ ಮಾಡಿದರು. “ಎಲ್ಲಾ ನಿಮ್ಮ ಹೊಟ್ಟೀಗೇ ಬರತೈತಿ.”

ಚಪ್ಪಾಳೆ ಬಿದ್ದವು. ಅದಕ್ಕಿಂತ ಸತ್ಯವಾದ ಭಾಷಣ ಆಟೋ ನಗರದಲ್ಲಿ ಆವರೆಗೆ ಆಗಿರಲಿಲ್ಲ ಎಂಬುದು ಭಾಷಣಕಾರರಿಗೂ ತಿಳಿದಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಡ್ರಮ್ಮನ್ನು ಅವರು ತಮಗೆ ಇಟ್ಟುಕೊಂಡಿದ್ದರು. ಖಾನಾಪುರಕ್ಕೆ ಕೊಟ್ಟ ಮಗಳು ನೇತ್ರಾ ಚೊಚ್ಚಲ ಬಸುರಿ. ತವರಿನವರು ಬುತ್ತಿ, ಹಸಿರು ಸೀರೆ ಒಯ್ದು ಕುಬಸ ಮಾಡಬೇಕು. ಬೀಗರ ಮನೆಯಲ್ಲಿ ನೀರಿನ ತ್ರಾಸು. “ಕಂಪನಿಯವರು ಸೇಫ್ಟಿಗೆ ಬಹುಮಾನ ಕೊಟ್ಟಾರ, ಅದನ್ನ ನಮ್ಮ ನೇತ್ರಾಗ ಕಳಸ್ತೇನಿ” ಎಂದು ನೇತ್ರಾಳ ಅತ್ತೆ ಅಕ್ಕವ್ವನಿಗೆ ಅವರು ಫೋನಿನಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ಖಾನಾಪುರದ ಆ ಓಣಿಯಲ್ಲಿ ಡ್ರಮ್ಮು ಬರುವ ಮೊದಲೇ ಅದರ ಕೀರ್ತಿ ಬಂದು ಕುಳಿತಿತ್ತು.

ಕುಬಸ ಮತ್ತು ತಪಾಸಣೆ ಒಂದೇ ದಿನ ಬಂದವು. ಮುಂಜಾನೆ ಓಣಿಯ ಹುಡುಗ ನಾಗಲಿಂಗನ ಟೆಂಪೋದಲ್ಲಿ ರೇಣವ್ವ, ಬುತ್ತಿ, ರಾತ್ರಿಯೇ ನೀರು ತುಂಬಿಸಿಕೊಂಡು ಮಾವಿನ ತೋರಣ ಕಟ್ಟಿಸಿಕೊಂಡ ಡ್ರಮ್ಮು ಖಾನಾಪುರಕ್ಕೆ ಹೋದವು. ತಪಾಸಣೆ ಮುಗಿಸಿ ಆರತಿಯ ಹೊತ್ತಿಗೆ ಬರುತ್ತೇನೆಂದು ಗುರುಪುತ್ರಪ್ಪನವರು ಕಾರ್ಖಾನೆಯಲ್ಲಿ ಉಳಿದರು.

ತಪಾಸಣೆಯ ಪ್ರಮಿಳಾ ಮೇಡಮ್ ಹಿತ್ತಿಲ ಗೋಡೆಯ ಬಳಿ ನಿಂತು ನೆಲ ನೋಡಿದರು. ಡ್ರಮ್ಮುಗಳಿದ್ದ ಕಡೆಯೆಲ್ಲ ಕಾಂಕ್ರೀಟಿನ ಮೇಲೆ ಹಳದಿ ಉಂಗುರಗಳು.

“ಇವೇನ್ರೀ?”

“ಅರಿಷಿಣ ಮೇಡಮ್. ಖಂಡೆ ಪೂಜಿ ಆತಲ್ಲ,” ಎಂದ ಸೇಠ.

“ಅರಿಷಿಣ ಕಾಂಕ್ರೀಟ್ ತಿಂತೈತೇನ್ರೀ? ಇದು ಕ್ರೋಮಿನ ನೀರು. ಪ್ಲಾಸ್ಟಿಕ್ ಡ್ರಮ್ ಇದನ್ನ ಒಳಗ ಹಿಡಕೊಂಡಿರತೈತಿ. ಎಷ್ಟ ತೊಳೀರಿ, ನೀರು ಹಾಕಿದಮ್ಯಾಲೆ ಮತ್ತ ಹಳದೀನ ಬಿಡತೈತಿ. ಡ್ರಮ್ ಎಲ್ಲದಾವ?”

“ನೋಡ್ರಿ ನೀವ. ಒಂದೂ ಇಲ್ಲ.”

ಮೇಡಮ್ ನಾಲ್ಕೂ ದಿಕ್ಕಿಗೆ ನೋಡಿದರು. ಒಂದೂ ಇರಲಿಲ್ಲ. ಸರ್ಕಾರದ ಕಣ್ಣಿಗೆ ಕಾಣದ್ದು ಇಲ್ಲವೆಂದೇ ಲೆಕ್ಕ. ಅವರು ಪೆನ್ನು ತೆಗೆದು ‘ಇಲ್ಲ’ ಎಂದು ಬರೆಯತೊಡಗಿದರು.

ಹಿಂದಿನಿಂದ ಒಂದು ಕ್ಷೀಣ ಧ್ವನಿ ಬಂತು. “ಮೇಡಮ್, ಹುಣಸಿಹಣ್ಣು ಹಚ್ಚಿ ತೊಳದ್ರ?”

“ಹುಣಸಿಹಣ್ಣು ಸಾರಿಗೆ ಹಾಕ್ರಿ.”

ಆಗಲೇ ಗುರುಪುತ್ರಪ್ಪನವರ ಫೋನಿಗೆ ರೇಣವ್ವ ಕಳಿಸಿದ ಫೋಟೋ ಬಂತು. ತೋರಣದ ಡ್ರಮ್ಮು. ಅದರ ಮುಂದೆ ತಾಟಿನಲ್ಲಿ ಜೋಡಿಸಿಟ್ಟ ಲೋಟಗಳು. ಲೋಟಗಳಲ್ಲಿ ಬಂಗಾರದ ಬಣ್ಣದ ನೀರು. ಕೆಳಗೆ ರೇಣವ್ವನ ದನಿ ಮುದ್ರಿಸಿದ ಸಂದೇಶ: “ಏನ್ರೀ, ನೀರಿಗೆ ಕೇಶರ ಹಾಕಿ ಕಳಿಸೀರಿ, ನನಗೂ ಹೇಳಿಲ್ಲಲ್ಲ! ಮಗು ಕೆಂಪಗ ಹುಟ್ಟಲಿ ಅಂತ ತವರಪ್ಪ ಕೇಶರದ ಡ್ರಮ್ಮ ಕಳಿಸ್ಯಾನ ಅಂತ ಎಲ್ಲಾರೂ ಹೊಗಳಾಕತ್ತಾರ. ಆರತಿ ಆದಮ್ಯಾಲೆ ಮೊದಲ ನೇತ್ರಾಗ ಕುಡಸ್ತೇವಿ, ಆಮ್ಯಾಲೆ ಎಲ್ಲಾರಿಗೂ.”

ಗುರುಪುತ್ರಪ್ಪನವರು ಕೇಸರಿ ಹಾಕಿರಲಿಲ್ಲ.

“ಮೇಡಮ್,” ಎಂದರು ಅವರು. “ಯಾರರ ಇದನ್ನ ಕುಡದ್ರ?”

“ಕುಡದ್ರ ಆರೋಗ್ಯ ಇಲಾಖೆದವರು ಬರ್ತಾರ. ನಂದು ತ್ಯಾಜ್ಯ ಅಷ್ಟ.”

ಹೆಂಡತಿಗೆ ಫೋನ್ ಹಚ್ಚಿದರು. ಹಾಡಿನ ಗದ್ದಲ, ಬಳೆಗಳ ಸದ್ದು. “ಕುಡೀಬ್ಯಾಡ್ರಿ!” ಎಂದು ಇವರು ಕೂಗಿದರೆ, “ಹಲೋ, ಏನೂ ಕೇಳವಲ್ದು, ಲಗೂ ಬರ್ರಿ” ಎಂದು ಆಕೆ ಕಟ್ ಮಾಡಿದಳು. ಮತ್ತೆ ಹಚ್ಚಿದರೆ ಎತ್ತುವವರಿಲ್ಲ. ಅಳಿಯ ವಿನಯನ ಫೋನು ಸ್ವಿಚ್ ಆಫ್. ಸುರಕ್ಷತಾ ಅಧಿಕಾರಿಗಳು ಹೆಲ್ಮೆಟ್ ಸಮೇತ ಗೇಟಿನತ್ತ ಓಡಿದರು. ಬುತ್ತಿ ಇಳಿಸಿ ಬಂದು ಗೇಟಿನೆದುರು ತಂಬಾಕು ತಿಕ್ಕುತ್ತಿದ್ದ ನಾಗಲಿಂಗ ಕಣ್ಣಿಗೆ ಬಿದ್ದ.

“ಖಾನಾಪುರಕ್ಕ ನಡಿ!”

“ಈಗರ ಬಂದೇನ್ರೀ ಮಾಮಾ. ಏನ ಬಿಟ್ಟ ಬಂದೀರಿ?”

“ಏನೂ ಬಿಟ್ಟಿಲ್ಲ. ಕೊಟ್ಟಬಿಟ್ಟೇನಿ. ಅದ ತ್ರಾಸು.”

ದಾರಿಯಲ್ಲಿ ಮಚ್ಛೆಯ ಬಳಿ ಲಾರಿ ಅಡ್ಡ ಬಂತು. ಟೋಲಿನಲ್ಲಿ ಮುಂದಿನ ಕಾರಿನವನ ಫಾಸ್ಟ್ಯಾಗ್ ಕೆಲಸ ಮಾಡದೆ, ಅವನು ಇಳಿದು ಸಂವಿಧಾನದ ಬಗ್ಗೆ ಮಾತಾಡತೊಡಗಿದ. ಗುರುಪುತ್ರಪ್ಪನವರು ಸೀಟಿನ ತುದಿಯಲ್ಲಿ ಕುಳಿತು ಇಲ್ಲದ ಬ್ರೇಕನ್ನೂ ಇಲ್ಲದ ಆಕ್ಸಿಲರೇಟರನ್ನೂ ತುಳಿದರು. ಆಗ ಸೇಠನ ಫೋನು.

“ಎಲ್ಲಿ ಓಡಿ ಹೋದಿ? ಕೇಳು, ಬಾಯಿ ಬಿಟ್ಟೀ ಅಂದ್ರ ಒಳಗ ಹೋಗಾಂವ ನೀನ. ಡ್ರಮ್ ಹಂಚಿದಾಂವ ನೀನು, ತೊಳಿಸಿದಾಂವ ನೀನು, ಭಾಷಣ ಮಾಡಿದಾಂವ ನೀನು. ವಿಡಿಯೋ ಐತಿ. ಸುಮ್ಮ ಹೋಗಿ ಡ್ರಮ್ ತಂದ ಬಿಡು. ವಿಷ ಅನ್ನೂ ಮಾತು ಬರಬಾರದು.”

“ಮಗಳು ಕುಡೀತಾಳ್ರೀ ಸೇಠ!”

“ಕುಡಿಯೂದರಾಗ ತಗೊಂಬಾ ಅಂತನ ಹೇಳಾಕತ್ತೇನಿ.”

ಅಕ್ಕವ್ವನ ಅಂಗಳದಲ್ಲಿ ಹಸಿರು ಸೀರೆ, ಹಸಿರು ಬಳೆಯಲ್ಲಿ ನೇತ್ರಾ ಕುರ್ಚಿಯ ಮೇಲೆ ಕುಳಿತಿದ್ದಳು. ಸುತ್ತ ಹೆಂಗಸರು ಹಾಡುತ್ತಿದ್ದರು. ಆರತಿ ಇನ್ನೂ ಎತ್ತಿರಲಿಲ್ಲ. ಯಾರ ಕೈಯಲ್ಲೂ ಲೋಟವಿರಲಿಲ್ಲ. ಗುರುಪುತ್ರಪ್ಪನವರು ಬಂದವರೇ ಮಗಳನ್ನು ನೋಡಲಿಲ್ಲ, ಬೀಗರಿಗೆ ಶರಣು ಅನ್ನಲಿಲ್ಲ. ನೇರ ಹೋಗಿ ಡ್ರಮ್ಮನ್ನು ಅಪ್ಪಿಕೊಂಡರು.

“ಬರ್ರಿ ಬೀಗರ, ಕುಂದರ್ರಿ,” ಎಂದಳು ಅಕ್ಕವ್ವ, ಹುಬ್ಬೇರಿಸಿ. “ತಲೀಮ್ಯಾಗಿಂದರ ತಗೀರಿ. ನಮ್ಮ ಮನಿ ಬೀಳಂಗಿಲ್ಲ.”

“ಈ ಡ್ರಮ್ಮು ವಾಪಸ್ ಒಯ್ಬೇಕಾಗೇತ್ರೀ ಅಕ್ಕಾರ.”

ಹಾಡು ನಿಂತಿತು. ಮಗಳ ಕುಬಸಕ್ಕೆ ಕೊಟ್ಟ ವಸ್ತುವನ್ನು ಅಂಗಳದಿಂದ ವಾಪಸು ಒಯ್ದ ತವರಪ್ಪ ಖಾನಾಪುರ ತಾಲೂಕಿನ ಇತಿಹಾಸದಲ್ಲಿ ಇರಲಿಲ್ಲ.

“ಯಾಕ್ರೀ?”

“ಬಣ್ಣ ಹಸಿ ಐತಿ.”

ಅಕ್ಕವ್ವ ಬೆರಳಿನಿಂದ ತಿಕ್ಕಿ ನೋಡಿದಳು. “ಒಣಗೇತಿ.”

“ಕಂಪನಿಯವರು ಇದಕ್ಕಿಂತ ದೊಡ್ಡದು ಕೊಡ್ತಾರಂತ್ರೀ.”

“ಅಂದ್ರ ನಮಗ ಸಣ್ಣದು ನೋಡಿ ಕಳಿಸಿದ್ರಿ?”

“ಹಂಗಲ್ಲರೀ... ಇಟ್ಟ ದಿಕ್ಕು ಸರಿ ಇಲ್ಲ.”

“ಬಸವಣ್ಣನ ಮಂದಿ ನಾವು. ದಿಕ್ಕು ಯಾವಾಗಿಂದ ನೋಡಾಕತ್ತೀರಿ ಬೀಗರ? ಖಾಸಬಾಗಕ್ಕ ಏನರ ಹೊಸಾದು ಬಂದೈತೇನು?”

ಬಾಜೂ ಮನೆಯ ಕಾಶೀಬಾಯಿಗೆ ಮಾತ್ರ ಎಲ್ಲವೂ ಸ್ಪಷ್ಟವಾಗಿತ್ತು. ಆಕೆ ಪಕ್ಕದವಳ ಕಿವಿಯಲ್ಲಿ, ಅಂದರೆ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು: “ಅಗೋ, ಕೇಶರ ಭಾಳ ತುಟ್ಟಿ ಅಲಾ! ಜೋಶ್‌ನ್ಯಾಗ ಹಾಕ್ಯಾನ, ಈಗ ಜೀವ ಮರಗಾಕತ್ತೈತಿ.” ಹೇಳಿ, ತಾಟಿನ ಲೋಟವೊಂದರಲ್ಲಿ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು. “ಖರೇ ಕೇಶರ. ಸ್ವಲ್ಪ ಕಹಿ ಐತಿ. ಕಾಶ್ಮೀರದ್ದ ಇರಬೇಕು.”

ರೇಣವ್ವ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು. “ಏನ್ರೀ ಇದು? ನನ್ನ ಮಾರಿ ಎಲ್ಲಿಡ್ಲಿ?”

“ಆರತಿ ಎತ್ರೆವ್ವಾ,” ಎಂದಳು ಅಕ್ಕವ್ವ. ಧ್ವನಿ ತಣ್ಣಗಿತ್ತು, ಕೋಪ ಬಂದಾಗ ಆಕೆಯ ಧ್ವನಿ ತಣ್ಣಗಾಗುತ್ತದೆಂದು ಆ ಮನೆಯವರಿಗೆಲ್ಲ ಗೊತ್ತು. “ಬೀಗರ ಡ್ರಮ್ಮಿನ ನೀರು ಕುಡದ ಮ್ಯಾಲೇ ಇವತ್ತ ಊಟ. ಆಮ್ಯಾಲೆ ಬೇಕಾದ್ರ ಹೊತ್ಕೊಂಡ ಹೋಗ್ಲಿ.”

ಈಗ ಆರತಿ ಎದ್ದರೆ ಲೋಟ ಎದ್ದಂತೆ. ಗುರುಪುತ್ರಪ್ಪನವರಿಗೆ ಒಂದು ಉಪಾಯ ಹೊಳೆಯಿತು.

“ಇನ್ನೊಂದು ಹಾಡ್ರಿ!” ಎಂದರು.

ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡಸೊಬ್ಬ ಕುಬಸದ ಹಾಡು ಕೇಳಿ ಪಡೆದದ್ದು ಅದೇ ಮೊದಲು. ಹಾಡಿದರು. “ಆಹಾ! ಇನ್ನೊಂದು!” ಮತ್ತೆ ಹಾಡಿದರು. ಗುರುಪುತ್ರಪ್ಪನವರು ತಾಳ ಹಾಕುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಕೈಯಿಂದ ನಾಗಲಿಂಗನಿಗೆ ಡ್ರಮ್ಮು ಸರಿಸು ಎಂದು ಸನ್ನೆ ಮಾಡಿದರು. ನಾಗಲಿಂಗನಿಗೆ ಸನ್ನೆ ತಿಳಿಯಲಿಲ್ಲ. ಅವನೂ ತಾಳ ಹಾಕಿದ. ಮೂರನೆಯದಕ್ಕೆ ಹೊಸ ಹಾಡುಗಾರ್ತಿಯರು ಸೇರಿಕೊಂಡರು. ನಾಲ್ಕನೆಯದು ಸುಗ್ಗಿಯ ಕೆಲಸಕ್ಕಿಂತ ಉದ್ದವಾಗಿತ್ತು. ಅದು ಮುಗಿದಾಗ ಉಪಾಯದ ಇನ್ನೊಂದು ಮಗ್ಗುಲು ಗುರುಪುತ್ರಪ್ಪನವರಿಗೆ ಕಂಡಿತು.

“ಯವ್ವಾ, ಗಂಟಲಾ ಒಣಗಿ ಹೋತು,” ಎಂದಳು ಹಿರಿಯ ಹಾಡುಗಾರ್ತಿ. “ನೀರು ಕೊಡ್ರಿ.”

“ನಮಗೂ ಕೊಡ್ರಿ.”

“ಮೊದಲ ಬಸುರಿಗೆ,” ಎಂದು ಅಕ್ಕವ್ವ ಲೋಟ ಎತ್ತಿ ಸೊಸೆಯ ಕೈಗೆ ಕೊಟ್ಟಳು. “ಕುಡಿಯವಾ. ನಿಮ್ಮಪ್ಪಂದ ಕೇಶರ.”

ಹಾಡು ಕೇಳಿ ಕೇಳಿ ಅವಳ ಗಂಟಲೂ ಒಣಗಿತ್ತು. ನೇತ್ರಾ ಅಪ್ಪನತ್ತ ನೋಡಿ ನಕ್ಕು, ಲೋಟ ತುಟಿಗೆ ಎತ್ತಿದಳು.

ಗುರುಪುತ್ರಪ್ಪನವರಿಂದ ಮಾತು ಹೊರಡಲಿಲ್ಲ. ಹೆಲ್ಮೆಟ್ ಹೊರಟಿತು. ತಲೆಯಿಂದ ಕಿತ್ತು ಬೀಸಿದ ಹಳದಿ ಹೆಲ್ಮೆಟ್ ಅಂಗಳದ ಮೇಲೆ ಹಾರಿ, ಲೋಟವನ್ನು ಠಣ್ ಎಂದು ಹೊಡೆದು, ಆರತಿ ತಾಟನ್ನೂ ಕೆಡವಿ ಗೋಡೆಗೆ ಬಡಿಯಿತು. ಮುಗ್ಧಾ ಪ್ಲೇಟಿಂಗ್ ಕಂಪನಿ ಕೊಟ್ಟ ಸುರಕ್ಷತಾ ಸಾಮಗ್ರಿ ಒಂದು ಜೀವ ಉಳಿಸಿದ್ದು ಅದೇ ಮೊದಲ ಸಲ.

“ಹುಚ್ಚ ಹಿಡದೈತೇನ್ ಈ ಮನಿಷ್ಯಾಗ!” ಎಂದು ಕಾಶೀಬಾಯಿ ಕಿರುಚಿದಳು. ವಿನಯ ಮಾವನ ಕೊರಳಪಟ್ಟಿಗೆ ಕೈ ಹಾಕಿದ. “ಬಸುರಿಗೆ ಬೀಸಿ ಒಗೀತೀರೇನ್ರೀ?”

“ಕೇಶರ ಅಲ್ಲೋ ಅದು!” ಎಂದರು ಗುರುಪುತ್ರಪ್ಪನವರು. ಈಗ ಮಾತು ಕಟ್ಟೆಯೊಡೆದು ಬಂತು. “ವಿಷ ಐತಿ. ನಮ್ಮ ಕಾರ್ಖಾನಿದು. ತೊಳದೇನಿ ಅನ್ಕೊಂಡಿದ್ನಿ, ಹೋಗಿಲ್ಲ. ಬಹುಮಾನನೂ ಅಲ್ಲ, ಏನೂ ಅಲ್ಲ. ಇಟ್ಕೊಳ್ಳಾಕ ಆಗದ್ದನ್ನ ನಮಗ ಹಂಚಿದ್ರು. ನಾನ ಹಂಚಿದ್ನಿ. ನನ್ನ ಮಗಳಿಗೂ ನಾನ ಕಳಿಸಿದ್ನಿ.”

ಮೊದಲು ಸದ್ದು ಮಾಡಿದವಳು ಕಾಶೀಬಾಯಿ. ಆಕೆ ಥೂ ಎಂದು ಉಗುಳಿದಳು, ಮತ್ತೆ ಉಗುಳಿದಳು. ವಿನಯ ಕೊರಳಪಟ್ಟಿ ಬಿಟ್ಟು ಹೆಂಡತಿಯ ಕೈ, ಮುಖ ತೊಳೆಸಲು ಒಳಗಿನ ಕೊಡದಿಂದ ನೀರು ತಂದ. “ತುಟಿಗೆ ಹತ್ತಿಲ್ಲಪ್ಪಾ, ಹತ್ತಿಲ್ಲ,” ಎಂದು ನೇತ್ರಾ ಹೇಳುತ್ತಲೇ ಇದ್ದಳು. ಅವಳನ್ನೂ ಕಾಶೀಬಾಯಿಯನ್ನೂ ಡಾಕ್ಟರ ಹತ್ತಿರ ಕರೆದೊಯ್ದದ್ದಾಯಿತು. ಇಬ್ಬರಿಗೂ ಏನೂ ಆಗಿಲ್ಲ ಎಂಬ ಫೋನು ಬರುವವರೆಗೆ ಅಂಗಳದಲ್ಲಿ ಯಾರೂ ಕೂಡಲಿಲ್ಲ.

ಫೋನು ಬಂದ ಮೇಲೆ ಅಕ್ಕವ್ವ ಒಂದೇ ಪ್ರಶ್ನೆ ಕೇಳಿದಳು. “ಉಳಿದ ಡ್ರಮ್ಮು ಯಾರ್ಯಾರ ಮನ್ಯಾಗ ಅದಾವ್ರೀ, ಬೀಗರ?”

ಗುರುಪುತ್ರಪ್ಪನವರು ಕೆಲಸಗಾರರಿಗೆಲ್ಲ ಫೋನ್ ಹಚ್ಚಿದರು. ಎಲ್ಲರದೂ ಒಂದೇ ಉತ್ತರ. “ಹಬ್ಬಕ್ಕ ಕೊಟ್ಟಿದ್ದನ್ನ ವಾಪಸ್ ಕೇಳಾಕ ನಾಚಿಕಿ ಬರಂಗಿಲ್ಲೇನ್ರೀ?”

“ಬೈ,” ಎಂದರು ಅವರು ಪ್ರತಿಯೊಬ್ಬನಿಗೂ. “ಎಷ್ಟ ಬೇಕಾದ್ರೂ ಬೈ. ಕುಡೀಬ್ಯಾಡ. ವಿಷ ಐತಿ. ತಗೊಂಡು ಗೇಟಿಗೆ ಬಾ.”

ಸಂಜೆಯ ಹೊತ್ತಿಗೆ ಮುಗ್ಧಾ ಪ್ಲೇಟಿಂಗಿನ ಗೇಟಿನ ಮುಂದೆ ನೀಲಿ ಡ್ರಮ್ಮುಗಳ ಸಾಲು ನಿಂತಿತು. ಕೆಲವು ತಳ್ಳುಗಾಡಿಯಲ್ಲಿ ಬಂದಿದ್ದವು, ಕೆಲವು ಸ್ಕೂಟರಿನ ಹಿಂದೆ. ಖಾನಾಪುರದ ಟೆಂಪೋದಿಂದ ಕುಬಸದ ಹೆಂಗಸರು ಇಳಕಲ್ ಸೀರೆಯಲ್ಲೇ ಇಳಿದರು. ಕೊನೆಗೆ ಮುಚ್ಚಳ ಬಿಗಿದ ದೊಡ್ಡ ಡ್ರಮ್ಮೂ ಇಳಿಯಿತು. ಸೇಠನ ಊಟದ ಉಪಚಾರ ಮುಗಿಸಿ ಪ್ರಮಿಳಾ ಮೇಡಮ್ ಆಗತಾನೆ ಜೀಪು ಹತ್ತುವವರಿದ್ದರು.

“ಯಾವ ಡ್ರಮ್ಮು? ನಮ್ಮದಲ್ಲ,” ಎಂದ ಸೇಠ. “ಮೇಡಮ್ ಸ್ವತಃ ನೋಡ್ಯಾರ. ನಮ್ಮಲ್ಲಿ ಇಲ್ಲ.”

ಮೇಡಮ್ ಸಂಕಟದಿಂದ ಅತ್ತಿತ್ತ ನೋಡಿದರು. “ಬೀದ್ಯಾಗ ಅದಾವಲ್ರೀ. ಹೆಸರಿಲ್ಲ, ಚೀಟಿಲ್ಲ. ಯಾರ ಮನ್ಯಾಗ ಸಿಕ್ಕಾವೋ ಅವರದ ಅಂತ ಹಿಡೀಬೇಕಾಗತೈತಿ. ಗುರುಪುತ್ರಪ್ಪನವರ, ಕೇಸ್ ನಿಮ್ಮ ಮ್ಯಾಲೇ ಬರ್ತೈತಿ ನೋಡ್ರಿ.”

“ಅಷ್ಟ್ಯಾಕ ಮೇಡಮ್,” ಎಂದು ಸೇಠ ನಕ್ಕ. “ಸ್ವಚ್ಛ ಖಾಲಿ ಡ್ರಮ್ಮು. ಇವು ಯಾರವರ ಇರಲಿ, ನೀರಾಗ ಹಳದಿ ಬಂದ್ರ ಏನಾಗತೈತಿ? ಮಂದಿ ಸುಮ್ಮ ಹೆದರತಾರ. ಎಲ್ಲಾರಿಗೂ ಚಾ ತರಸೂಣು, ಸಮಾಧಾನ ಆಗ್ಲಿ.”

ಚಹಾ ತರುವ ಕೆಲಸ ನಾಗಲಿಂಗನಿಗೆ ಬಿತ್ತು. ಸೇಠ ಮೊದಲ ಗ್ಲಾಸು ಮೇಡಮ್ಮಿಗೆ ಕೊಟ್ಟು, ಎರಡನೆಯದನ್ನು ತಾನು ಹೀರಿದ.

“ಚಾ ಹೆಂಗೈತ್ರೀ ಸೇಠ?” ಎಂದು ಅಕ್ಕವ್ವ ಕೇಳಿದಳು.

“ಫಸ್ಟ್ ಕ್ಲಾಸ್.”

“ಇರಬೇಕಲ್ಲ. ನೀರು ಈ ದೊಡ್ಡ ಡ್ರಮ್ಮಿಂದು.”

ಸೇಠನ ಬಾಯಿಂದ ಚಹಾ ಕಾರಂಜಿಯಾಗಿ ಹೊರಬಿತ್ತು. “ಕ್ರೋಮ್ ಐತದರಾಗ! ವಿಷ! ಅರೆ, ವಿಷ ಐತದು! ಗಾಡಿ ತಗೀರಿ, ದವಾಖಾನಿಗೆ...” ಅವನು ಗಂಟಲಿಗೆ ಬೆರಳು ಹಾಕಿಕೊಂಡು ಗೇಟು ಹಿಡಿದು ಬಗ್ಗಿದ. ಮೇಡಮ್ಮಿನ ಗ್ಲಾಸು ಕೈಯಿಂದ ಜಾರಿತು. ತ್ಯಾಜ್ಯಕ್ಕೂ ಆರೋಗ್ಯಕ್ಕೂ ನಡುವಿದ್ದ ಇಲಾಖೆಯ ಗೋಡೆ ಅವರ ಗಂಟಲಿನಲ್ಲೇ ಕುಸಿಯಿತು.

“ಸೇಠ, ಖರೇ ಹೇಳ್ರಿ!” ಎಂದು ಅವರು ಚೀರಿದರು. “ಯಾರ ಡ್ರಮ್ ಇವು? ಏನಿತ್ತು ಒಳಗ? ಡಾಕ್ಟರಗ ಹೇಳಬೇಕು!”

“ನಮ್ದು! ಕ್ರೋಮ್ ಟಾಕಿದು! ಎಲ್ಲಾ ನಮ್ದು!”

ಅಷ್ಟೂ ಮಂದಿ ಕೇಳಿಸಿಕೊಂಡರು. ಕೆಲವರು ಫೋನು ನೆಟ್ಟಗೆ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು.

“ಕುಂದರ್ರಿ ಸೇಠ,” ಎಂದಳು ಅಕ್ಕವ್ವ. “ಚಾ ಬಾಜೂ ಹೋಟೆಲಿಂದು. ಏನೂ ಆಗಂಗಿಲ್ಲ. ಒಂದ ಗುಟುಕಿಗೆ ನಿಮಗ ದವಾಖಾನಿ ಬೇಕಾತು. ನಮ್ಮ ಸೊಸೀಗೆ ತೋರಣ ಕಟ್ಟಿ ಕಳಿಸಿದ್ರಿ.”

ಪ್ರಮಿಳಾ ಮೇಡಮ್ ಬಹಳ ಹೊತ್ತು ಬಾಯಿ ಒರೆಸಿಕೊಂಡರು. ಆಮೇಲೆ ಜೀಪಿನ ಬಾಗಿಲು ಮುಚ್ಚಿ ಡ್ರಮ್ಮುಗಳತ್ತ ಬಂದರು. “ಇವನ್ನ ಯಾರು, ಯಾರಿಗೆ, ಯಾರು ಹೇಳಿದ್ದಕ್ಕ ಕೊಟ್ರು ಅಂತ ಹೇಳಾಕ ಯಾರದರ ತಯಾರದೀರೇನು?”

ಸೇಠ ಗೇಟು ಹಿಡಿದೇ ತಲೆ ಎತ್ತಿದ. “ಗುರುಪುತ್ರಪ್ಪ, ಬಾಯಿ ತಗದೀ ಅಂದ್ರ ನೌಕರಿ ಹೋತು ನೋಡು. ಜೇಲಿಗೆ ಮೊದಲ ನೀನ ಹೋಗ್ತಿ.”

ಗುರುಪುತ್ರಪ್ಪನವರು ದೊಡ್ಡ ಡ್ರಮ್ಮಿಗೆ ಭುಜ ಕೊಟ್ಟರು. ಅದು ಅಲುಗಲಿಲ್ಲ. ಅಕ್ಕವ್ವ ಸೆರಗು ಸಿಕ್ಕಿಸಿ ಇನ್ನೊಂದು ಬದಿಗೆ ನಿಂತಳು; ಅವಳ ಹಿಂದೆ ರೇಣವ್ವ, ಹಾಡುಗಾರ್ತಿಯರು, ಪ್ಲೇಟಿಂಗ್ ತೊಟ್ಟಿಯ ಕೆಲಸಗಾರರು.

“ಬರಕೋರಿ ಮೇಡಮ್, ನಾ ಹೇಳ್ತೇನಿ. ನಾನೂ ಹೋಗ್ತೇನ್ರೀ ಸೇಠ, ಎಲ್ಲಿ ಕಳಿಸ್ತೀರೋ ಅಲ್ಲಿಗೆ,” ಎಂದರು ಗುರುಪುತ್ರಪ್ಪನವರು, ಏದುಸಿರು ಬಿಡುತ್ತ. “ಗೇಟು ಬಿಡ್ರಿ. ಮೊದಲ ಇವು ಒಳಗ ಹೋಗ್ಲಿ.”